ರೋಗಕ್ಕೂ ಹೆಣ್ಣು–ಗಂಡೆಂಬ ಭೇದವುಂಟೆ?

ರೋಗಾಣುವಿಗೆ ಜಾತಿಯಿಲ್ಲ, ಮತವಿಲ್ಲ, ಹೆಣ್ಣು–ಗಂಡೆಂಬ ಭೇದವಿಲ್ಲ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ರೋಗಾಣುವಿನ ಮಟ್ಟಿಗೆ ಇದು ಬಹುಪಾಲು ನಿಜ. ಆದರೆ ರೋಗದ ಮಟ್ಟಿಗೆ ನಿಜವಲ್ಲ. ಯಾರು ಯಾವ ಕೆಲಸ ಮಾಡುತ್ತಾರೆ, ಎಂತಹ ಗಾಳಿಯನ್ನು ಉಸಿರಾಡುತ್ತಾರೆ, ಏನನ್ನು ಎಷ್ಟು ಉಣ್ಣುತ್ತಾರೆ, ಸುಸ್ತು ಎಂದಾಗ ಯಾರ ಮಾತಿಗೆ ಬೆಲೆ ಸಿಗುತ್ತದೆ, ಆಸ್ಪತ್ರೆಗೆ ಹೋಗಲು ಯಾರಿಗೆ ಬಿಡುವೂ ಹಣವೂ ಇರುತ್ತವೆ – ಇವೆಲ್ಲವನ್ನೂ ಸಮಾಜ ನಿರ್ಧರಿಸುತ್ತದೆ. ಈ ನಿರ್ಧಾರಗಳ ಫಲ ಕೊನೆಗೆ ರಕ್ತದಲ್ಲಿ, ಶ್ವಾಸಕೋಶದಲ್ಲಿ, ಹೃದಯದಲ್ಲಿ ಕಾಣಿಸಿಕೊಳ್ಳುತ್ತದೆ. ಅದನ್ನು ಅಳೆಯಲೂ ಸಾಧ್ಯವಿದೆ.

ಇಲ್ಲಿ ಎರಡು ಪದಗಳನ್ನು ಬೇರ್ಪಡಿಸಿಕೊಳ್ಳಬೇಕು. ವರ್ಣತಂತುಗಳು, ಹಾರ್ಮೋನುಗಳು, ಜನನಾಂಗಗಳು – ಇವುಗಳಿಂದ ಬರುವ ವ್ಯತ್ಯಾಸವನ್ನು ಜೈವಿಕ ಲಿಂಗ ಎನ್ನೋಣ. ಹೆಣ್ಣು ಹೀಗಿರಬೇಕು, ಗಂಡು ಹಾಗಿರಬೇಕು ಎಂದು ಸಮಾಜ ಹಂಚಿಕೊಟ್ಟ ಪಾತ್ರಗಳನ್ನು ಲಿಂಗತ್ವ ಎನ್ನೋಣ. ಮುಟ್ಟಿನ ರಕ್ತಸ್ರಾವ ಮೊದಲನೆಯದಕ್ಕೆ ಸೇರಿದ್ದು; ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವುದು ಎರಡನೆಯದಕ್ಕೆ. ಮೊದಲನೆಯದು ಉಂಟುಮಾಡುವ ವ್ಯತ್ಯಾಸ ಅನೇಕ ವೇಳೆ ಚಿಕ್ಕದು. ಎರಡನೆಯದು ಆಂಪ್ಲಿಫೈಯರಿನಂತೆ ಅದನ್ನು ಹಿಗ್ಗಿಸುತ್ತದೆ. ಕೆಲವು ರೋಗಗಳಲ್ಲಂತೂ ಎರಡನೆಯದೇ ಮುಖ್ಯ ಕಾರಣ.

ರಕ್ತದಲ್ಲಿ ಕಬ್ಬಿಣದ ಜಮಾ–ಖರ್ಚು

ನಮಗೆ ತೀರ ಹತ್ತಿರದ ಉದಾಹರಣೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಇತ್ತು. ಅದೇ ವಯಸ್ಸಿನ ಗಂಡಸರಲ್ಲಿ ಈ ಪ್ರಮಾಣ ಶೇಕಡ 25. ಕರ್ನಾಟಕದಲ್ಲಿ ಕ್ರಮವಾಗಿ ಶೇಕಡ 47.8 ಮತ್ತು 19.6.

ಈ ಅಂಕಿಗಳ ಬಗ್ಗೆ ವಿದ್ಯಾರ್ಥಿಗಳು ಎರಡು ಪ್ರಶ್ನೆ ಕೇಳಬಹುದು. ಹೆಂಗಸರಲ್ಲಿ ಹಿಮೋಗ್ಲೋಬಿನ್ ಸ್ವಾಭಾವಿಕವಾಗಿಯೇ ಸ್ವಲ್ಪ ಕಡಿಮೆಯಲ್ಲವೆ? ಹೌದು. ಟೆಸ್ಟೋಸ್ಟೆರೋನ್ ಹಾರ್ಮೋನು ಕೆಂಪು ರಕ್ತಕಣಗಳ ಉತ್ಪಾದನೆಯನ್ನು ಪ್ರಚೋದಿಸುವುದರಿಂದ ಗಂಡಸರಲ್ಲಿ ಅದು ಹೆಚ್ಚು. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 100 ಮಿಲಿಲೀಟರ್ ರಕ್ತದಲ್ಲಿ ಗಂಡಸರಿಗೆ 13 ಗ್ರಾಂ, ಗರ್ಭಿಣಿಯರಲ್ಲದ ಹೆಂಗಸರಿಗೆ 12 ಗ್ರಾಂ, ಗರ್ಭಿಣಿಯರಿಗೆ 11 ಗ್ರಾಂ ಎಂಬ ಬೇರೆ ಬೇರೆ ಗಡಿಗಳನ್ನು ಇಟ್ಟಿದೆ. ಗಡಿಯನ್ನು ಇಳಿಸಿದ ಮೇಲೂ ಇಷ್ಟು ಅಂತರ ಉಳಿದಿದೆ ಎಂಬುದು ಗಮನಾರ್ಹ. ಎರಡನೆಯ ಪ್ರಶ್ನೆ ಅಳತೆಗೆ ಸಂಬಂಧಿಸಿದ್ದು. ಸಮೀಕ್ಷೆಯಲ್ಲಿ ಬೆರಳ ತುದಿಯ ರಕ್ತವನ್ನು ಪರೀಕ್ಷಿಸಲಾಗಿತ್ತು. ಅಭಿಧಮನಿಯಿಂದ ರಕ್ತ ತೆಗೆದು ಪರೀಕ್ಷಿಸಿದರೆ ರಕ್ತಹೀನರ ಪ್ರಮಾಣ ಕಡಿಮೆ ಬರುತ್ತದೆಂದು ತಜ್ಞರು ತೋರಿಸಿದ್ದಾರೆ. ಆದರೆ ಗಂಡಸರನ್ನೂ ಹೆಂಗಸರನ್ನೂ ಅಳೆದದ್ದು ಒಂದೇ ವಿಧಾನದಲ್ಲಿ. ತಕ್ಕಡಿಯಲ್ಲಿ ಶೂನ್ಯದೋಷವಿದ್ದರೂ ಎರಡು ವಸ್ತುಗಳಲ್ಲಿ ಭಾರವಾದದ್ದು ಯಾವುದೆಂದು ಹೇಳಬಹುದಲ್ಲವೆ? ಹಾಗೆಯೇ ಇಲ್ಲಿಯೂ ಹೋಲಿಕೆ ಬಹುಮಟ್ಟಿಗೆ ಉಳಿಯುತ್ತದೆ.

ಈಗ ದೇಹದ ಕಬ್ಬಿಣದ ಲೆಕ್ಕವನ್ನು ನೋಡೋಣ. ಚರ್ಮ, ಕರುಳು ಮುಂತಾದ ಕಡೆ ಕೋಶಗಳು ಉದುರುವುದರಿಂದ ಎಲ್ಲರಿಗೂ ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಗ್ರಾಂ ಕಬ್ಬಿಣ ನಷ್ಟವಾಗುತ್ತದೆ. ಒಂದು ಮುಟ್ಟಿನಲ್ಲಿ ಸರಾಸರಿ 30–40 ಮಿಲಿಲೀಟರ್ ರಕ್ತ ಹೋಗುತ್ತದೆ. ಪ್ರತಿ ಮಿಲಿಲೀಟರಿನಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿರುವುದರಿಂದ ತಿಂಗಳಿಗೆ 15–20 ಮಿಲಿಗ್ರಾಂ, ಅಂದರೆ ದಿನಕ್ಕೆ ಸುಮಾರು ಅರ್ಧ ಮಿಲಿಗ್ರಾಂ ಹೆಚ್ಚುವರಿ ನಷ್ಟ. ನೋಡಲು ಇದು ಅತ್ಯಲ್ಪ. ಆದರೆ ಧಾನ್ಯ, ಬೇಳೆ, ಸೊಪ್ಪುಗಳಲ್ಲಿರುವ ಕಬ್ಬಿಣದಲ್ಲಿ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಮಾತ್ರ ರಕ್ತಕ್ಕೆ ಸೇರುತ್ತದೆ. ಆದ್ದರಿಂದ ಅರ್ಧ ಮಿಲಿಗ್ರಾಂ ನಷ್ಟವನ್ನು ತುಂಬಲು ತಟ್ಟೆಯಲ್ಲಿ ಅದರ ಹತ್ತು ಪಟ್ಟಿಗಿಂತ ಹೆಚ್ಚು ಕಬ್ಬಿಣ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪ್ರಕಟಿಸಿದ ಶಿಫಾರಸಿನಲ್ಲಿ ವಯಸ್ಕ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ, ಹೆಂಗಸಿಗೆ 29 ಮಿಲಿಗ್ರಾಂ ಕಬ್ಬಿಣವನ್ನು ಸೂಚಿಸಿರುವುದು ಈ ಕಾರಣಕ್ಕೆ.

ಇದೇ ಶಿಫಾರಸಿನಲ್ಲಿ ಇನ್ನೊಂದು ಅಂಕಿಯಿದೆ. ಮಧ್ಯಮ ಶ್ರಮದ ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 2710 ಕಿಲೊಕ್ಯಾಲೊರಿ, ಹೆಂಗಸಿಗೆ 2130 ಕಿಲೊಕ್ಯಾಲೊರಿ ಶಕ್ತಿ ಬೇಕು. ಎರಡನ್ನೂ ಭಾಗಿಸಿ ನೋಡಿ. ಗಂಡಸಿನ ಊಟದಲ್ಲಿ ಪ್ರತಿ 1000 ಕಿಲೊಕ್ಯಾಲೊರಿಗೆ 7 ಮಿಲಿಗ್ರಾಂ ಕಬ್ಬಿಣ ಇದ್ದರೆ ಸಾಕು. ಹೆಂಗಸಿನ ಊಟದಲ್ಲಿ ಸುಮಾರು 13.6 ಮಿಲಿಗ್ರಾಂ ಇರಬೇಕು. ಅಂದರೆ ಹೆಚ್ಚುಕಡಿಮೆ ಎರಡರಷ್ಟು! ಒಂದೇ ಪಾತ್ರೆಯಿಂದ ಇಬ್ಬರೂ ಹಸಿವಿಗೆ ತಕ್ಕಷ್ಟು ಬಡಿಸಿಕೊಂಡರೂ, ಗಂಡನಿಗೆ ಸಾಕಾಗುವ ಸಾರು ಹೆಂಡತಿಗೆ ಸಾಕಾಗುವುದಿಲ್ಲ. ಸಮಪಾಲು ಕೊಟ್ಟರೂ ಅವಳಿಗೆ ಕೊರತೆಯೇ. ಹೀಗಿರುವಾಗ ಸೊಪ್ಪು, ಕಾಳು, ಮಾಂಸದ ತುಂಡುಗಳೆಲ್ಲ ಮೊದಲ ಪಂಕ್ತಿಗೆ ಬಡಿಸಿಹೋಗಿ, ಕೊನೆಯಲ್ಲಿ ಕೂತವಳಿಗೆ ತಿಳಿಸಾರು ಮಾತ್ರ ಉಳಿದರೆ ಏನಾದೀತು? ಜೊತೆಗೆ ಚಿಕ್ಕ ವಯಸ್ಸಿನ ಮದುವೆ, ಒಂದರ ಹಿಂದೊಂದು ಹೆರಿಗೆ ಸೇರಿಕೊಂಡರೆ ಕಬ್ಬಿಣದ ಉಗ್ರಾಣ ಬರಿದಾಗುತ್ತದೆ. ಇಲ್ಲಿ ಅರ್ಧ ಮಿಲಿಗ್ರಾಂ ಪ್ರಕೃತಿಯ ಪಾಲು. ಉಳಿದ ಬಹುಭಾಗ ನಮ್ಮ ಪಾಲು.

ಸುಸ್ತನ್ನು ಸೋಮಾರಿತನವೆಂದಾಗ

ರಕ್ತಹೀನತೆ ಇಷ್ಟು ವ್ಯಾಪಕವಾಗಿದ್ದರೂ ಕಣ್ಣಿಗೆ ಬೀಳುವುದಿಲ್ಲವೇಕೆ? ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಕ್ಸಿಜನ್ನನ್ನು ಹೊರಬಲ್ಲದು. 100 ಮಿಲಿಲೀಟರ್ ರಕ್ತದಲ್ಲಿ 15 ಗ್ರಾಂ ಹಿಮೋಗ್ಲೋಬಿನ್ ಇದ್ದರೆ ಅದು ಸುಮಾರು 20 ಮಿಲಿಲೀಟರ್ ಆಕ್ಸಿಜನ್ನನ್ನು ಒಯ್ಯುತ್ತದೆ. ಹೃದಯ ನಿಮಿಷಕ್ಕೆ 5 ಲೀಟರ್ ರಕ್ತವನ್ನು ದೂಡುವುದರಿಂದ ಅಂಗಾಂಶಗಳಿಗೆ ನಿಮಿಷಕ್ಕೆ ಸುಮಾರು 1000 ಮಿಲಿಲೀಟರ್ ಪೂರೈಕೆ. ವಿಶ್ರಾಂತಿಯಲ್ಲಿ ದೇಹಕ್ಕೆ ಬೇಕಾದದ್ದು ಸುಮಾರು 250 ಮಾತ್ರ. ಹಿಮೋಗ್ಲೋಬಿನ್ 8 ಗ್ರಾಂಗೆ ಇಳಿದಾಗ ಪೂರೈಕೆ 540ರ ಆಸುಪಾಸಿಗೆ ಬರುತ್ತದೆ. ಸುಮ್ಮನೆ ಕೂತವಳಿಗೆ ಇದೂ ಸಾಕು. ಆದರೆ ಕೊಡ ಹೊತ್ತು ದಿಬ್ಬ ಹತ್ತುವಾಗ, ಬಿಸಿಲಲ್ಲಿ ಕಳೆ ಕೀಳುವಾಗ, ಆಟದ ಮೈದಾನದಲ್ಲಿ ಓಡುವಾಗ ಸಾಲದು. ಆಗ ಹೃದಯ ಹೆಚ್ಚು ವೇಗವಾಗಿ ಬಡಿದು ಕೊರತೆಯನ್ನು ತುಂಬಲು ಹೆಣಗುತ್ತದೆ. ಎದೆ ಡವಗುಟ್ಟುತ್ತದೆ, ಏದುಸಿರು ಬರುತ್ತದೆ.

ಅಂದರೆ ರಕ್ತಹೀನತೆ ಮೊದಲು ಕಸಿಯುವುದು ದೇಹದ ಮೀಸಲು ಶಕ್ತಿಯನ್ನು. ಹೆರಿಗೆಯಲ್ಲಿ ಅರ್ಧ ಲೀಟರ್ ರಕ್ತ ಹೋದರೆ ಆರೋಗ್ಯವಂತಳು ತಡೆದುಕೊಂಡಾಳು; ತೀವ್ರ ರಕ್ತಹೀನತೆ ಇರುವವಳಿಗೆ ಅಷ್ಟೇ ನಷ್ಟ ಪ್ರಾಣಾಪಾಯ ತರಬಹುದು. ಆದರೂ ಅವಳ ಸುಸ್ತಿಗೆ ಮನೆಯಲ್ಲಿ ಸಿಗುವ ಹೆಸರು ಸೋಮಾರಿತನ. ಎಷ್ಟೋ ವೇಳೆ ಅವಳೇ ಅದನ್ನು ಹೆಣ್ಣಾಗಿ ಹುಟ್ಟಿದ್ದರ ಸಹಜ ಲಕ್ಷಣವೆಂದು ತಿಳಿದಿರುತ್ತಾಳೆ. ಅಕ್ಕ, ಅಮ್ಮ, ಅತ್ತೆ ಎಲ್ಲರೂ ಸುಸ್ತಾಗಿರುವ ಮನೆಯಲ್ಲಿ ಸುಸ್ತು ರೋಗವೆಂದು ತೋರುವುದಾದರೂ ಹೇಗೆ?

ಒಲೆಯ ಹೊಗೆ, ಗಣಿಯ ಧೂಳು

ರಕ್ತಹೀನತೆಯಲ್ಲಿ ಜೈವಿಕ ವ್ಯತ್ಯಾಸದ ಪಾಲು ಸ್ವಲ್ಪವಾದರೂ ಇತ್ತು. ಶ್ವಾಸಕೋಶದ ರೋಗಗಳಲ್ಲಿ ಕೆಲಸದ ಹಂಚಿಕೆಯೇ ಮುಖ್ಯವಾಗಿ ಯಾರಿಗೆ ರೋಗ ಎಂಬುದನ್ನು ತೀರ್ಮಾನಿಸಿದ ನಿದರ್ಶನಗಳಿವೆ.

ಸೌದೆ, ಬೆರಣಿ ಉರಿದಾಗ ಹೊರಡುವ ಹೊಗೆಯಲ್ಲಿ 2.5 ಮೈಕ್ರೊಮೀಟರಿಗಿಂತ ಚಿಕ್ಕ ಕಣಗಳು ಹೇರಳ. ಸ್ಟೋಕ್ಸನ ನಿಯಮದಂತೆ ಕಣವೊಂದು ಗಾಳಿಯಲ್ಲಿ ಕೆಳಗಿಳಿಯುವ ವೇಗ ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ನೀರಿನಷ್ಟು ಸಾಂದ್ರತೆಯ, 10 ಮೈಕ್ರೊಮೀಟರ್ ವ್ಯಾಸದ ಕಣ ಸೆಕೆಂಡಿಗೆ 3 ಮಿಲಿಮೀಟರ್ ಇಳಿಯುತ್ತದೆ. 1 ಮೈಕ್ರೊಮೀಟರ್ ಕಣ ಇಳಿಯುವುದು ಅದರ ನೂರನೆಯ ಒಂದರಷ್ಟು, ಅಂದರೆ ಗಂಟೆಗೆ 11 ಸೆಂಟಿಮೀಟರ್! ಬೆಂಕಿ ಆರಿದರೂ ಕಿಟಕಿ, ಹೊಗೆಗೂಡು ಇಲ್ಲದ ಅಡುಗೆಮನೆಯಲ್ಲಿ ಇಂತಹ ಕಣಗಳು ಬಹಳ ಹೊತ್ತು ತೇಲುತ್ತಲೇ ಇರುತ್ತವೆ; ಉಸಿರಿನೊಡನೆ ಶ್ವಾಸಕೋಶದ ಗಾಳಿಗೂಡುಗಳವರೆಗೂ ತಲುಪುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ 24 ಗಂಟೆಗಳ ಸರಾಸರಿಯಲ್ಲಿ ಈ ಕಣಗಳ ಸಾಂದ್ರತೆ ಘನಮೀಟರಿಗೆ 15 ಮೈಕ್ರೊಗ್ರಾಂ ಮೀರಬಾರದು. ಸೌದೆ ಒಲೆಯ ಮುಂದೆ ಅದು ನೂರಾರು ಮೈಕ್ರೊಗ್ರಾಂ ಇರುವುದು ಸಾಮಾನ್ಯ. ಲೆಕ್ಕಕ್ಕಾಗಿ 500 ಎನ್ನೋಣ. ಸಾಂದ್ರತೆಯನ್ನು ಕಾಲದಿಂದ ಗುಣಿಸಿ. ಮೂರು ಗಂಟೆ ಅಡುಗೆ ಮಾಡಿದವಳ ಪಾಲಿಗೆ 1500. ಇಡೀ ದಿನಕ್ಕೆ ಮಾರ್ಗಸೂಚಿ ಒಪ್ಪುವುದು 360. ಊದುಗೊಳವೆ ಹಿಡಿದು ಒಲೆಯ ಮುಂದೆ ಕೂರುವವಳಿಗೆ ಮೂರೇ ಗಂಟೆಯಲ್ಲಿ ಇಡೀ ದಿನದ ಮಿತಿಯ ನಾಲ್ಕು ಪಟ್ಟು! ಜಗಲಿಯ ಮೇಲೆ ಕುಳಿತ ಗಂಡಸಿಗೆ ಇದರ ಒಂದು ಅಂಶ ಮಾತ್ರ. ಬೀಡಿ, ಸಿಗರೇಟು ಮುಟ್ಟದ ಹೆಂಗಸರಿಗೂ ದೀರ್ಘಕಾಲಿಕ ಶ್ವಾಸಕೋಶ ಅಡಚಣೆಯ ರೋಗ, ಅಂದರೆ ಸಿಒಪಿಡಿ, ಬರುವುದು ಹೀಗೆ. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಅನಿಲ ಸಂಪರ್ಕ ಬಹಳ ಹೆಚ್ಚಿತು. ಆದರೂ 2019–21ರ ಸಮೀಕ್ಷೆಯಲ್ಲಿ ಅಡುಗೆಗೆ ಸ್ವಚ್ಛ ಇಂಧನವನ್ನು ಮುಖ್ಯವಾಗಿ ಬಳಸುತ್ತಿದ್ದ ಮನೆಗಳು ಶೇಕಡ 58.6 ಮಾತ್ರ. ಸಿಲಿಂಡರ್ ಮನೆಗೆ ಬಂದರೂ ಮರುಭರ್ತಿಗೆ ಹಣವಿಲ್ಲದಿದ್ದರೆ ಒಲೆ ಮತ್ತೆ ಹೊತ್ತಿಕೊಳ್ಳುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿದೆ. ಭೌತವಿಜ್ಞಾನಿಗಳಿಗೆ ಇದು 1960ರ ದಶಕದ ನ್ಯೂಟ್ರಿನೊ ಪ್ರಯೋಗಗಳಿಂದ ಪರಿಚಿತವಾದ ಜಾಗ. ವೈದ್ಯಕೀಯದಲ್ಲಿ ಇದಕ್ಕೆ ಬೇರೊಂದು ಹೆಸರಿದೆ: ಭಾರತದಲ್ಲಿ ಸಿಲಿಕೋಸಿಸ್ ರೋಗ ಮೊದಲು ವರದಿಯಾದದ್ದು ಇಲ್ಲಿಂದ, 1934ರಲ್ಲಿ. ಬಂಡೆ ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಗಾಯಗೊಳಿಸಿ ಗಡುಸಾಗಿಸುವ ರೋಗವಿದು. ಭೂಮಿಯ ಆಳದಲ್ಲಿ ಬಂಡೆ ಕೊರೆಯುತ್ತಿದ್ದವರು ಗಂಡಸರಾದ್ದರಿಂದ ಇದು ಗಂಡಸರ ರೋಗವಾಯಿತು. ಧೂಳಿನ ಕಣಕ್ಕೂ ಹೊಗೆಯ ಕಣಕ್ಕೂ ಭೌತನಿಯಮಗಳು ಒಂದೇ. ಯಾರನ್ನು ಎಲ್ಲಿ ನಿಲ್ಲಿಸಬೇಕೆಂಬ ಸಾಮಾಜಿಕ ನಿಯಮ ಮಾತ್ರ ಬೇರೆ.

ಇನ್ನೂ ಒಂದು ವ್ಯತ್ಯಾಸವಿದೆ. ಗಣಿಯ ಧೂಳಿನ ರೋಗವನ್ನು ಕಾಲಕ್ರಮದಲ್ಲಿ ಕಾನೂನು ಔದ್ಯೋಗಿಕ ರೋಗವೆಂದು ಮನ್ನಿಸಿತು, ಪರಿಹಾರದ ಹಕ್ಕು ಕೊಟ್ಟಿತು. ಅಡುಗೆಮನೆಯನ್ನು ಯಾರೂ ಕೆಲಸದ ಸ್ಥಳವೆಂದು ಎಣಿಸಿಲ್ಲ. ಕೂಲಿಯಿಲ್ಲದ ಕೆಲಸದಿಂದ ಬಂದ ರೋಗಕ್ಕೆ ಪರಿಹಾರವೂ ಇಲ್ಲ.

ವೈದ್ಯರ ಕಣ್ಣು, ಉಪಕರಣದ ಕಣ್ಣು

ರೋಗ ಬಂದ ಮೇಲೆ ಅದನ್ನು ಗುರುತಿಸುವ ಹಂತದಲ್ಲಿಯೂ ಸಮಾಜ ಕೈಹಾಕುತ್ತದೆ. ಸಿಒಪಿಡಿ ಎಂದರೆ ಬೀಡಿ ಸೇದುವ ಗಂಡಸರ ಕಾಯಿಲೆ ಎಂಬ ಚಿತ್ರ ವೈದ್ಯರ ಮನಸ್ಸಿನಲ್ಲಿಯೂ ಕುಳಿತಿರುತ್ತದೆ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕ ಮತ್ತು ಕೆನಡಾದ ವೈದ್ಯರಿಗೆ ರೋಗಿಯೊಬ್ಬರ ವಿವರ ಕೊಡಲಾಯಿತು. ಕೆಮ್ಮು, ಉಬ್ಬಸ, ಧೂಮಪಾನದ ಚರಿತ್ರೆ ಎಲ್ಲವೂ ಸಮಾನ. ಕೆಲವರಿಗೆ ರೋಗಿ ಗಂಡಸು ಎಂದು, ಕೆಲವರಿಗೆ ಹೆಂಗಸು ಎಂದು ಹೇಳಿದ್ದಷ್ಟೇ ವ್ಯತ್ಯಾಸ. ಗಂಡಸಾದಾಗ ಶೇಕಡ 58ರಷ್ಟು ಸಂದರ್ಭಗಳಲ್ಲಿ ಸಿಒಪಿಡಿ ಎಂದು ಊಹಿಸಲಾಯಿತು. ಹೆಂಗಸಾದಾಗ ಶೇಕಡ 42ರಷ್ಟರಲ್ಲಿ ಮಾತ್ರ. ಸ್ಪೈರೋಮೀಟರಿನ ಫಲಿತಾಂಶವನ್ನು ಮುಂದಿಟ್ಟ ಮೇಲೆ ಈ ಅಂತರ ತಗ್ಗಿತು.

ಸ್ಪೈರೋಮೀಟರ್ ಸರಳ ಉಪಕರಣ. ಪೂರ್ತಿ ಉಸಿರೆಳೆದು ಜೋರಾಗಿ ಊದಿದಾಗ ಹೊರಬಂದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲಿ ಎಷ್ಟು ಭಾಗ ಬಂತೆಂದು ಅದು ಅಳೆಯುತ್ತದೆ. ಈ ಭಾಗ ಶೇಕಡ 70ಕ್ಕಿಂತ ಕಡಿಮೆಯಾದರೆ ಶ್ವಾಸನಾಳದಲ್ಲಿ ಅಡಚಣೆಯಿರುವ ಸಂಶಯ ಬರುತ್ತದೆ. ಊದುತ್ತಿರುವುದು ಯಾರು ಎಂಬ ಪೂರ್ವಗ್ರಹ ಅದಕ್ಕಿಲ್ಲ. ಆದರೆ ಆ ಪರೀಕ್ಷೆಗೆ ಬರೆದುಕೊಡಬೇಕಾದವರು ವೈದ್ಯರು. ಕೆಮ್ಮುತ್ತ ಬಂದ ಹೆಂಗಸನ್ನು ‘ಬೀಡಿ ಸೇದುತ್ತೀರಾ?’ ಎಂದು ಕೇಳುವುದರ ಜೊತೆಗೆ ‘ಯಾವ ಒಲೆಯಲ್ಲಿ ಅಡುಗೆ ಮಾಡುತ್ತೀರಿ, ಎಷ್ಟು ವರ್ಷದಿಂದ?’ ಎಂದೂ ಕೇಳಿದರೆ ಮಾತ್ರ ಉಪಕರಣದ ಸರದಿ ಬರುತ್ತದೆ.

ಉಪಕರಣಗಳೂ ಔಷಧಗಳೂ ಪೂರ್ತಿ ನಿಷ್ಪಕ್ಷಪಾತಿಗಳಲ್ಲ. ಹೃದಯಾಘಾತ ತಡೆಯಲು ಆಸ್ಪಿರಿನ್ ನೆರವಾಗುತ್ತದೆಯೆ ಎಂದು ತಿಳಿಯಲು ಅಮೆರಿಕದಲ್ಲಿ ನಡೆದು 1989ರಲ್ಲಿ ಅಂತಿಮ ವರದಿ ಹೊರಬಂದ ಪ್ರಸಿದ್ಧ ಪ್ರಯೋಗದಲ್ಲಿ ಭಾಗವಹಿಸಿದವರು 22,071 ವೈದ್ಯರು, ಎಲ್ಲರೂ ಗಂಡಸರು. ಹೃದಯತಜ್ಞೆ ಬರ್ನಡೀನ್ ಹೀಲಿ 1991ರಲ್ಲಿ, ಹೆಂಗಸಿನ ಹೃದ್ರೋಗ ಗಂಡಸಿನದರಂತೆಯೇ ಕಾಣಿಸಿಕೊಂಡಾಗ ಮಾತ್ರ ಅವಳಿಗೆ ಸಮನಾದ ಚಿಕಿತ್ಸೆ ದೊರೆಯುತ್ತದೆ ಎಂದು ಟೀಕಿಸಿದರು. ಹೃದಯಾಘಾತದಲ್ಲಿ ಹೆಂಗಸರಿಗೂ ಎದೆನೋವು ಮುಖ್ಯ ಲಕ್ಷಣವೇ. ಆದರೆ ಉಸಿರುಗಟ್ಟುವುದು, ವಾಕರಿಕೆ, ಬೆನ್ನು ಅಥವಾ ದವಡೆಯ ನೋವು ಅವರಲ್ಲಿ ಹೆಚ್ಚಾಗಿ ಜೊತೆಗೂಡುತ್ತವೆ. ಅದನ್ನು ಗ್ಯಾಸ್ ಎಂದೋ ಮನಸ್ಸಿನ ಉದ್ವೇಗವೆಂದೋ ಭಾವಿಸಿ ಕಳೆದ ಪ್ರತಿ ಗಂಟೆಯಲ್ಲಿಯೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ನಿದ್ರೆಗಾಗಿ ಕೊಡುವ ಜೋಲ್ಪಿಡೆಮ್ ಔಷಧವನ್ನು ಹೆಂಗಸರ ದೇಹ ನಿಧಾನವಾಗಿ ಹೊರಹಾಕುತ್ತದೆ ಎಂಬ ಕಾರಣಕ್ಕೆ ಅಮೆರಿಕದಲ್ಲಿ ಅವರಿಗೆ ಸೂಚಿಸುವ ಪ್ರಮಾಣವನ್ನು 10ರಿಂದ 5 ಮಿಲಿಗ್ರಾಂಗೆ ಇಳಿಸಿದ್ದು 2013ರಲ್ಲಿ. ಔಷಧ ಮಾರುಕಟ್ಟೆಗೆ ಬಂದು ಆಗಲೇ ಎರಡು ದಶಕ ಕಳೆದಿದ್ದವು.

ಆಸ್ಪತ್ರೆ ಎಷ್ಟು ದೂರ?

ಮೂರನೆಯ ಹಂತ ಚಿಕಿತ್ಸೆಯನ್ನು ತಲುಪುವುದು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ 2016ರಲ್ಲಿ ಬಂದ ಸುಮಾರು 23 ಲಕ್ಷ ಹೊರರೋಗಿ ಭೇಟಿಗಳನ್ನು ವಿಶ್ಲೇಷಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಪ್ರತಿ 100 ಮಹಿಳಾ ಭೇಟಿಗಳಿಗೆ 169 ಪುರುಷ ಭೇಟಿಗಳಿದ್ದವು. ಗಂಡಸರಿಗೇ ರೋಗ ಹೆಚ್ಚೆಂದು ಇದನ್ನು ವಿವರಿಸಬಹುದೆ? ದೂರದ ಲೆಕ್ಕ ಅದಕ್ಕೆ ಉತ್ತರ ಕೊಡುತ್ತದೆ. ದೆಹಲಿಯವರಲ್ಲೇ ಈ ಅನುಪಾತ ಸುಮಾರು 1.4, ದೂರದ ಬಿಹಾರದಿಂದ ಬಂದವರಲ್ಲಿ ಸುಮಾರು 2.4. ರೋಗವೊಂದೇ ಕಾರಣವಾಗಿದ್ದರೆ ಆಸ್ಪತ್ರೆಯಿಂದ ದೂರ ಹೋದಂತೆಲ್ಲ ಹೆಂಗಸರು ಹೆಚ್ಚು ಆರೋಗ್ಯವಂತರಾಗುತ್ತಾರೆ ಎನ್ನಬೇಕಾದೀತು! ಬೆಳಕಿನ ತೀವ್ರತೆ ದೂರದೊಂದಿಗೆ ಕುಗ್ಗುವಂತೆ ಇಲ್ಲಿ ಕುಗ್ಗುತ್ತಿರುವುದು ಹೆಂಗಸರಿಗೆ ಚಿಕಿತ್ಸೆ ಸಿಗುವ ಸಂಭವ. ದೂರವೆಂದರೆ ಕಿಲೊಮೀಟರು ಮಾತ್ರವಲ್ಲ. ಬಸ್ಸಿನ ಹಣ, ತಪ್ಪುವ ದಿನಗೂಲಿ, ಜೊತೆಗೆ ಬರುವವರು ಯಾರು, ಅಂದಿನ ಅಡುಗೆ ಯಾರದು ಎಂಬ ಪ್ರಶ್ನೆಗಳೆಲ್ಲ ಅದರಲ್ಲಿ ಸೇರಿವೆ. ಕರ್ನಾಟಕದಲ್ಲಿ 2023ರ ಜೂನ್‌ನಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಆರಂಭವಾದಾಗ ಈ ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಉತ್ತರ ಸಿಕ್ಕಿತು. ಉಳಿದವು ಮನೆಯೊಳಗೇ ಬಗೆಹರಿಯಬೇಕಾದವು.

ಗಂಡಸುತನದ ಕಲ್ಪನೆ ಗಂಡಸರನ್ನೂ ಬಿಡುವುದಿಲ್ಲ. ನಮ್ಮಲ್ಲಿ ಕ್ಷಯರೋಗ ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಬೀಡಿ, ಮದ್ಯ, ಧೂಳಿನ ಕೆಲಸ ಇದರ ಹಿಂದಿವೆ. ಕೂಲಿ ತಪ್ಪೀತೆಂದು, ದುರ್ಬಲನೆನಿಸೀತೆಂದು ವಾರಗಟ್ಟಲೆ ಕೆಮ್ಮನ್ನು ಬಚ್ಚಿಡುವವರಿದ್ದಾರೆ. ಲಿಂಗತ್ವ ಅಲ್ಪಸಂಖ್ಯಾತರಿಗಂತೂ ಆಸ್ಪತ್ರೆಯ ಚೀಟಿಯಲ್ಲಿರುವ ಎರಡೇ ಚೌಕಗಳು ಮೊದಲ ಅಡ್ಡಗೋಡೆ. ಆರೋಗ್ಯಸೇವೆಯಲ್ಲಿ ಅವರಿಗೆ ತಾರತಮ್ಯ ಮಾಡಬಾರದೆಂದು 2019ರ ಕಾಯ್ದೆ ವಿಧಿಸಿದೆ.

ಶಾಲೆಯಲ್ಲಿ ಏನು ಮಾಡಬಹುದು?

ಶಿಕ್ಷಕರಿಗೆ ಈ ವಿಷಯದಲ್ಲಿ ನೇರ ಪಾತ್ರವಿದೆ. 10ರಿಂದ 19 ವಯಸ್ಸಿನ ಹುಡುಗಿಯರಿಗೂ ಹುಡುಗರಿಗೂ ವಾರಕ್ಕೊಮ್ಮೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ನೀಲಿ ಮಾತ್ರೆ ಕೊಡುವ ಕಾರ್ಯಕ್ರಮ ಶಾಲೆಗಳ ಮೂಲಕವೇ ನಡೆಯುತ್ತದೆ. 2018ರ ರಕ್ತಹೀನತೆ ಮುಕ್ತ ಭಾರತ ಅಭಿಯಾನದ ಪ್ರಕಾರ ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಹೊಟ್ಟೆ ತುಂಬ ಊಟವಾದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ. ಮಲ ಕಪ್ಪಾಗುವುದು ಹೀರಲ್ಪಡದೆ ಉಳಿದ ಕಬ್ಬಿಣದಿಂದ, ಅದರಿಂದ ಅಪಾಯವಿಲ್ಲ. ಇದನ್ನು ಮೊದಲೇ ವಿವರಿಸಿದರೆ ಮಕ್ಕಳು ಮಾತ್ರೆಯನ್ನು ಕಿಟಕಿಯಾಚೆ ಎಸೆಯುವುದು ತಪ್ಪುತ್ತದೆ. ಊಟದೊಂದಿಗೆ ನಿಂಬೆ, ನೆಲ್ಲಿಕಾಯಿ ಸೇರಿದರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಜೊತೆಗೇ ಕುಡಿದ ಕಾಫಿ, ಟೀ ಅದಕ್ಕೆ ಅಡ್ಡಿ. ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಿಂದ ಬರುವುದಿಲ್ಲವಾದ್ದರಿಂದ, ಮಾತ್ರೆ ತೆಗೆದುಕೊಂಡೂ ಸುಧಾರಿಸದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು.

ವಿದ್ಯಾರ್ಥಿಗಳಿಂದ ಒಂದು ಪುಟ್ಟ ಸಮೀಕ್ಷೆಯನ್ನೂ ಮಾಡಿಸಬಹುದು. ಹೆಸರು ಬರೆಯದೆ, ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ವಾರದ ಪಟ್ಟಿ ತಯಾರಿಸಲಿ: ಒಲೆಯ ಮುಂದೆ ಯಾರು ಎಷ್ಟು ಗಂಟೆ ಇದ್ದರು, ರಾತ್ರಿ ಊಟಕ್ಕೆ ಯಾರು ಯಾವ ಕ್ರಮದಲ್ಲಿ ಕೂತರು, ಕಳೆದ ಸಲ ಕಾಯಿಲೆಯಾದಾಗ ಎಷ್ಟು ದಿನಗಳ ನಂತರ ವೈದ್ಯರ ಬಳಿಗೆ ಹೋದರು. ತರಗತಿಯ ಪಟ್ಟಿಗಳನ್ನು ಒಟ್ಟುಗೂಡಿಸಿ, ಹೆಣ್ಣು ಮತ್ತು ಗಂಡಿಗೆ ಬೇರೆ ಬೇರೆ ಸರಾಸರಿ ತೆಗೆದು ಸ್ತಂಭನಕ್ಷೆ ಬರೆಸಿ. ಸಂಖ್ಯೆಗಳು ಏನು ಹೇಳುತ್ತವೆ ಎಂಬುದನ್ನು ಮಕ್ಕಳೇ ಚರ್ಚಿಸಲಿ.

ಕೊನೆಯ ಬೆಂಚಿನಲ್ಲಿ ತಲೆಯಾನಿಸಿ ಕೂತ ಹುಡುಗಿಯನ್ನು ಗದರಿಸುವ ಮುನ್ನ ಅವಳ ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿದೆಯೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೆ ಎಂದು ವಿಚಾರಿಸಿ. ಇದು ಸೂಚನೆ ಮಾತ್ರ. ಖಚಿತಪಡಿಸಲು ಹಿಮೋಗ್ಲೋಬಿನ್ ಪರೀಕ್ಷೆಯೇ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದಕ್ಕೆ ಬೇಕಾಗುವುದು ಕೆಲವು ನಿಮಿಷ ಮತ್ತು ಕೆಲವು ಹನಿ ರಕ್ತ.